ಮೂವತ್ತು-ನಲವತ್ತರ ಸೈಟಿಗೆ ‘ಮಿನಿ ಹಿಟಾಚಿ’

ರಾಜಾಜಿನಗರದ ಯಾವುದೇ ಬ್ಲಾಕಿನ ಅಡ್ಡರಸ್ತೆಯಲ್ಲಿ ಬೆಳಿಗ್ಗೆ ಏಳು ಗಂಟೆಗೆ ಜೆಸಿಬಿ ಬಂದು ನಿಂತಿತೆಂದರೆ ಆ ಬೀದಿಯ ದಿನಚರಿಯೇ ಏರುಪೇರು. ಎರಡೂ ಬದಿಯಲ್ಲಿ ನಿಲ್ಲಿಸಿದ ಕಾರುಗಳ ಒಡೆಯರನ್ನು ಒಬ್ಬೊಬ್ಬರಾಗಿ ಎಬ್ಬಿಸಿ ಗಾಡಿ ತೆಗೆಸಬೇಕು. ಕೇಬಲ್ಲಿನವರ, ಇಂಟರ್‌ನೆಟ್ಟಿನವರ ವೈರುಗಳನ್ನು ಬಿದಿರು ಗಳುವಿನಿಂದ ಎತ್ತಿಹಿಡಿಯಲು ಹುಡುಗನೊಬ್ಬ ಬೇಕು. ಶಾಲೆಯ ವ್ಯಾನು ಹಿಂದಕ್ಕೆ ಹೋಗಿ ಮುಂದಿನ ಕ್ರಾಸಿನಲ್ಲಿ ಬರಬೇಕು. ಇಷ್ಟೆಲ್ಲ ಆಗಿ ಯಂತ್ರ ಸೈಟಿನ ಮುಂದೆ ಬಂದರೆ ಒಳಗೆ ಹೋಗಲು ಜಾಗವಿಲ್ಲ. ರಸ್ತೆಯಲ್ಲೇ ನಿಂತು ತೋಳು ಚಾಚಿ ಮುಂದಿನ ಎರಡು ಸಾಲಿನ ಗುಂಡಿ ತೋಡುತ್ತದೆ. ಹಿಂದಿನ ಸಾಲಿಗೆ ಮತ್ತೆ ಹಾರೆ, ಪಿಕಾಸಿ, ಬಾಂಡಲಿಯೇ ಗತಿ.

ಇದು ಹೊಸ ಬಡಾವಣೆಯ ಸಮಸ್ಯೆಯಲ್ಲ, ಹಳೆಯ ಬಡಾವಣೆಯದು. 1949ರಲ್ಲಿ ಅಡಿಗಲ್ಲು ಬಿದ್ದ ರಾಜಾಜಿನಗರವಾಗಲಿ, ಆಮೇಲೆ ಬಂದ ವಿಜಯನಗರ, ಬಸವೇಶ್ವರನಗರಗಳಾಗಲಿ ಒಂದಂತಸ್ತಿನ ಮನೆ, ಮುಂದೊಂದು ತೆಂಗಿನಮರ, ಹಿತ್ತಿಲಲ್ಲಿ ಬಟ್ಟೆ ಒಗೆಯುವ ಕಲ್ಲು ಎಂಬ ಲೆಕ್ಕದಲ್ಲಿ ಹುಟ್ಟಿದ ಊರುಗಳು. ನಗರಾಭಿವೃದ್ಧಿ ಟ್ರಸ್ಟ್ ಬೋರ್ಡು ಹೋಗಿ 1976ರಲ್ಲಿ ಬಿಡಿಎ ಬಂತು. 2014ರಲ್ಲಿ ರಾಜಾಜಿನಗರಕ್ಕೆ, 2015ರಲ್ಲಿ ವಿಜಯನಗರಕ್ಕೆ, 2021ರಲ್ಲಿ ಕೆಂಗೇರಿಗೆ ಮೆಟ್ರೋ ಬಂತು. ಅಪ್ಪ ಕಟ್ಟಿಸಿದ ಮನೆಯನ್ನು ಮಕ್ಕಳು ಕೆಡವಿಸಿ ಮೂರು ನಾಲ್ಕು ಅಂತಸ್ತು ಎಬ್ಬಿಸುವ ಕೆಲಸ ಈಗ ಬೀದಿಗೊಂದು ನಡೆದಿದೆ. ಹೊಸದಾಗಿ ಕಟ್ಟುವಾಗ ಸುತ್ತ ಬಯಲಿರುತ್ತದೆ. ಕೆಡವಿ ಕಟ್ಟುವಾಗ ಮೂರು ಕಡೆ ಮನೆ, ಒಂದು ಕಡೆ ರಸ್ತೆ. ಅಕ್ಕಪಕ್ಕದವರ ಗೋಡೆಗೂ ನಮ್ಮ ಗುಂಡಿಗೂ ನಡುವೆ ಮೂರಡಿ ಇದ್ದರೆ ಅದೇ ಪುಣ್ಯ.

ಇಂಥ ಸೈಟುಗಳಿಗೆಂದೇ ಈಚಿನ ವರ್ಷಗಳಲ್ಲಿ ಕ್ಯಾಂಟರ್ ಲಾರಿಯ ಬೆನ್ನೇರಿ ಬರುವ ಚಿಕ್ಕ ಅಗೆತದ ಯಂತ್ರ ಕಾಣತೊಡಗಿದೆ. ಕಂಪೆನಿಗಳ ಕೈಪಿಡಿಯಲ್ಲಿ ಅದರ ಹೆಸರು ‘ಕಾಂಪ್ಯಾಕ್ಟ್ ಎಕ್ಸ್‌ಕವೇಟರ್’. ನಮ್ಮ ಮೇಸ್ತ್ರಿಗಳ ಬಾಯಲ್ಲಿ ‘ಮಿನಿ ಹಿಟಾಚಿ’. ತಯಾರಿಸಿದವರು ಕುಬೋಟಾದವರೇ ಇರಲಿ, ಬಾಬ್‌ಕ್ಯಾಟಿನವರೇ ಇರಲಿ, ಚೈನಿನ ಮೇಲೆ ಓಡುವುದೆಲ್ಲ ಹಿಟಾಚಿ, ಟೈರಿನ ಮೇಲೆ ಓಡುವುದೆಲ್ಲ ಜೆಸಿಬಿ! ಇಂಗ್ಲೆಂಡಿನ ಜೋಸೆಫ್ ಸಿರಿಲ್ ಬ್ಯಾಮ್‌ಫರ್ಡ್ ಎಂಬಾತನ ಮೂರು ಇನಿಷಿಯಲ್ಲುಗಳು ಕರ್ನಾಟಕದಲ್ಲಿ ರಾಜಕಾರಣಿಗಳ ಮೇಲೆ ಹೂವು ಸುರಿಯುವ ಯಂತ್ರಕ್ಕೂ ಹೆಸರಾಗುತ್ತವೆಂದು ಪಾಪ, ಆತ ಕನಸಿನಲ್ಲೂ ನೆನೆದಿರಲಾರ. ಹಿಟಾಚಿಯ ನಂಟು ಮಾತ್ರ ನಮಗೆ ಇನ್ನೂ ಹತ್ತಿರದ್ದು. ಟಾಟಾ ಹಿಟಾಚಿಯ ಕಾರ್ಖಾನೆಯೊಂದು ಧಾರವಾಡದಲ್ಲೇ ಇದೆ.

ಈ ಪುಟ್ಟ ಯಂತ್ರದ ತವರು ಜಪಾನ್. ಇಕ್ಕಟ್ಟಾದ ಊರು, ಒತ್ತೊತ್ತಾದ ಮನೆ, ಕೂಲಿಯಾಳಿನ ಅಭಾವ. 1960ರ ದಶಕದ ಕೊನೆ, 70ರ ದಶಕದ ಆರಂಭದಲ್ಲಿ ಯಾನ್ಮಾರ್, ತಕೆಯುಚಿ ಮುಂತಾದ ಕಂಪೆನಿಗಳು ಮನೆಯ ಪಾಯದಂಥ ಕೆಲಸಕ್ಕೆ ಇದನ್ನು ಮಾಡಿದವು. ನಮ್ಮಲ್ಲಿ ಅದೇ ಮೂರು ಕಾರಣಗಳು ಕೂಡಿಬರಲು ಐವತ್ತು ವರ್ಷ ಹಿಡಿಯಿತು, ಅಷ್ಟೆ.

ಟೇಪು ಹಿಡಿದು ನೋಡಿ

ಮನೆ ಕಟ್ಟಿಸುವವರಿರಲಿ, ಒಂದು ಯಂತ್ರ ಕೊಂಡು ಬಾಡಿಗೆಗೆ ಬಿಡೋಣವೆನ್ನುವ ಸಣ್ಣ ಗುತ್ತಿಗೆದಾರರಿರಲಿ, ಮೊದಲು ಕೇಳುವುದು ‘ಎಷ್ಟು ಎಚ್‌ಪಿ?’ ಎಂದು. ಕೇಳಬೇಕಾದದ್ದು ಅಗಲ ಎಷ್ಟು ಎಂದು. ಸಾಮಾನ್ಯ ಜೆಸಿಬಿ ಏಳೂವರೆ ಅಡಿ ಅಗಲ, ಹತ್ತೊಂಬತ್ತು ಅಡಿಯಷ್ಟು ಉದ್ದ, ಏಳೂವರೆ-ಎಂಟು ಟನ್ ತೂಕ. ಅದರ ಹಿಂದಿನ ತೋಳು ಅರ್ಧ ಸುತ್ತು ಮಾತ್ರ ತಿರುಗುತ್ತದೆ. ಎತ್ತಿದ ಮಣ್ಣನ್ನು ಇನ್ನೊಂದು ಕಡೆ ಸುರಿಯಬೇಕೆಂದರೆ ಗಾಡಿಯನ್ನೇ ತಿರುಗಿಸಬೇಕು. ಮೂವತ್ತಡಿ ಅಗಲದ ಸೈಟಿನಲ್ಲಿ ಹತ್ತೊಂಬತ್ತಡಿ ಗಾಡಿ ತಿರುಗುವುದು ಹೇಗೆಂದು ನೀವೇ ಊಹಿಸಿ. ಮಿನಿ ಹಿಟಾಚಿ ನಿಂತಲ್ಲೇ ಪೂರ್ತಿ ಸುತ್ತು ತಿರುಗುತ್ತದೆ. ಅದರ ಇಡೀ ಮಹಿಮೆ ಇರುವುದು ಅಲ್ಲೇ.

ಇವುಗಳಲ್ಲಿ ಮೂರು ಅಳತೆ ನಮ್ಮ ಕೆಲಸಕ್ಕೆ ಬರುವಂಥವು. ಒಂದೂಮುಕ್ಕಾಲು-ಎರಡು ಟನ್ನಿನದು ಎಲ್ಲಕ್ಕಿಂತ ಚಿಕ್ಕದು. ಈ ವರ್ಗದ ಕೆಲವು ಯಂತ್ರಗಳ ಚೈನುಗಳನ್ನು ಒಳಕ್ಕೆ ಎಳೆದುಕೊಂಡರೆ ಅಗಲ ಮೂರೂಕಾಲು ಅಡಿಗೆ ಇಳಿಯುತ್ತದೆ. ಅಂದರೆ ಕಾಂಪೌಂಡಿನ ಗೇಟಿನಲ್ಲಿ, ಮನೆಯ ಪಕ್ಕದ ಓಣಿಯಲ್ಲಿ ನುಸುಳಿ ಹಿತ್ತಿಲು ಸೇರಬಲ್ಲದು. ತೋಡುವ ಆಳ ಏಳೂವರೆ ಅಡಿಯ ಆಸುಪಾಸು. ಮೂರು ಟನ್ನಿನದು ಐದಡಿ ಅಗಲ, ಒಂಬತ್ತಡಿಯಷ್ಟು ಆಳ. ಐದೂವರೆ ಟನ್ನಿನದು ಆರೂವರೆ ಅಡಿ ಅಗಲ, ಹನ್ನೆರಡಡಿಯವರೆಗೆ ಆಳ. 

ಮೂವತ್ತು-ನಲವತ್ತರ ಸೈಟಿನ ಒಂದು ಲೆಕ್ಕ ಹಾಕೋಣ. ಒಂಬತ್ತು ಕಾಲಂ, ಒಂದೊಂದಕ್ಕೆ 5 ಅಡಿ ಉದ್ದ, 5 ಅಡಿ ಅಗಲ, 5 ಅಡಿ ಆಳದ ಗುಂಡಿ ಎಂದಿಟ್ಟುಕೊಂಡರೆ ಒಟ್ಟು 1,125 ಘನ ಅಡಿ. ಒಬ್ಬ ಆಳು ದಿನಕ್ಕೆ ಎಪ್ಪತ್ತು-ಎಂಬತ್ತು ಘನ ಅಡಿ ತೋಡಿದರೆ ನಾಲ್ಕು ಜನಕ್ಕೆ ನಾಲ್ಕು ದಿನದ ಕೆಲಸ. ಮೂರು ಟನ್ನಿನ ಯಂತ್ರಕ್ಕೆ, ಕೊಸರಾಟವಿಲ್ಲದಿದ್ದರೆ, ಐದಾರು ಗಂಟೆ. ನೆಲದಲ್ಲಿದ್ದ ಮಣ್ಣು ಮೇಲೆ ಬಂದೊಡನೆ ಉಬ್ಬುತ್ತದೆ. ಕಾಲು ಭಾಗ ಹೆಚ್ಚಾದರೂ 1,400 ಘನ ಅಡಿ, ನೂರು ಅಡಿಯ ಟ್ರ್ಯಾಕ್ಟರ್ ಟ್ರೈಲರಿನಲ್ಲಿ ಹದಿನಾಲ್ಕು ಲೋಡು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಕಾಲಂ ಎದ್ದ ಮೇಲೆ ಅದೇ ಗುಂಡಿಗೆ ತುಂಬಲು ಬೇಕು. ಹೊರಗೆ ಸಾಗಿಸಿ ಮತ್ತೆ ಕೊಂಡುತಂದರೆ ಎರಡು ಸಲ ದುಡ್ಡು. ಸೈಟಿನಲ್ಲೇ ಇಟ್ಟುಕೊಳ್ಳೋಣವೆಂದರೆ ಗುಂಡಿಯ ಅಂಚಿಗೇ ರಾಶಿ ಹಾಕುವ ಹಾಗಿಲ್ಲ, ಭಾರಕ್ಕೆ ಅಂಚು ಕುಸಿಯುತ್ತದೆ. ಈ ಪೀಕಲಾಟಕ್ಕೆ ಯಂತ್ರದ ಮುಂದಿರುವ ಬ್ಲೇಡು ಬಹಳ ಉಪಯೋಗ. ತಳ್ಳಿ ಒಂದು ಮೂಲೆಗೆ ಒತ್ತರಿಸಬಹುದು, ಕೊನೆಗೆ ಗುಂಡಿ ಮುಚ್ಚುವಾಗಲೂ ಅದೇ ಆಗುತ್ತದೆ. 

ನಮ್ಮ ಪಶ್ಚಿಮ ಬೆಂಗಳೂರಿನ ಹಳೆಯ ಸೈಟುಗಳಿಗೆ ಮೂರು ಟನ್ನಿನದೇ ಸರಿ ಎಂಬುದು ನನ್ನ ಅಭಿಪ್ರಾಯ. ಒಂದೂಮುಕ್ಕಾಲು ಟನ್ನಿನದು ಪೈಪಿನ ಕಾಲುವೆಗೆ, ಇರುವ ಮನೆಯ ಹಿಂದೆ ಸಂಪು ತೋಡಲಿಕ್ಕೆ ಚೆನ್ನ. ಇಡೀ ಪಾಯ ಹಿಡಿದರೆ ಏದುಸಿರು ಬಿಡುತ್ತದೆ. ಐದೂವರೆ ಟನ್ನಿನದು 40-60ರ ಸೈಟಿಗೆ, ಸೆಲ್ಲಾರ್ ಕಟಿಂಗಿಗೆ. ಇನ್ನು ಕೆಂಗೇರಿ ಉಪನಗರದ ಆಚೆ, ಮಾಗಡಿ ರಸ್ತೆಗೂ ಮೈಸೂರು ರಸ್ತೆಗೂ ನಡುವೆ ಹರಡಿರುವ ನಾಡಪ್ರಭು ಕೆಂಪೇಗೌಡ ಬಡಾವಣೆಯಂಥ ಕಡೆ ಅಕ್ಕಪಕ್ಕ ಖಾಲಿ ಸೈಟುಗಳಿದ್ದರೆ ಮಿನಿಯ ಗೊಡವೆಯೇ ಬೇಡ. ಜೆಸಿಬಿ ತಾನೇ ರಸ್ತೆಯಲ್ಲಿ ಓಡಿಕೊಂಡು ಬರುತ್ತದೆ, ಎರಡು ಗಂಟೆಯಲ್ಲಿ ಮುಗಿಸಿ ಹೋಗುತ್ತದೆ. ಚೈನಿನ ಯಂತ್ರಕ್ಕೆ ಹೋಗುವುದಕ್ಕೂ ಬರುವುದಕ್ಕೂ ಕ್ಯಾಂಟರ್ ಬಾಡಿಗೆ ತೆರಬೇಕೆಂಬುದನ್ನು ಮರೆಯಬಾರದು.

ಬಾಲವಿಲ್ಲದ್ದು ಮೇಲು

ಯಂತ್ರದ ಮೇಲ್ಭಾಗ ತಿರುಗುವಾಗ ಅದರ ಹಿಂಬದಿ ಚೈನಿನ ಅಗಲ ಮೀರಿ ಹೊರಕ್ಕೆ ಚಾಚುತ್ತದೆ. ಚಾಲಕನ ಕಣ್ಣು ಮುಂದಿನ ಬಕೆಟ್ಟಿನ ಮೇಲಿರುತ್ತದೆ. ಪಕ್ಕದ ಮನೆಯ ಕಾಂಪೌಂಡಿಗೆ, ನೀರಿನ ಪೈಪಿಗೆ, ನಿಂತು ನೋಡುವ ಮನುಷ್ಯನಿಗೆ ಗುದ್ದುವುದು ಹಿಂಭಾಗ. ಹೀಗೆ ಹೊರಚಾಚದ, ಚೈನಿನ ಅಗಲದೊಳಗೇ ಸುತ್ತುವ ಮಾದರಿಗೆ ‘ಝೀರೋ ಟೇಲ್’ ಎನ್ನುತ್ತಾರೆ. ಯಾನ್ಮಾರ್ ಇಂಥದನ್ನು 1993ರಲ್ಲಿ ಮಾರುಕಟ್ಟೆಗೆ ತಂದಿತು. ಈಗ ಬಹುತೇಕ ಎಲ್ಲರಲ್ಲೂ ಇದೆ. ಬೆಲೆ ತುಸು ಹೆಚ್ಚು, ಅಡ್ಡಕ್ಕೆ ಚಾಚಿ ಭಾರ ಎತ್ತುವಾಗ ಸ್ಥಿರತೆ ತುಸು ಕಡಿಮೆ. ಆದರೂ ನಮ್ಮ ಸೈಟುಗಳಿಗೆ ಇದೇ ಬೇಕು.

ಇನ್ನೊಂದು, ತೋಳು ಬುಡದಲ್ಲೇ ಎಡಕ್ಕೂ ಬಲಕ್ಕೂ ಮುರಿಯುವ ಸೌಲಭ್ಯ, ಅಂದರೆ ‘ಸ್ವಿಂಗ್ ಬೂಮ್’. ಇದಿದ್ದರೆ ಕಾಂಪೌಂಡ್ ಗೋಡೆಗೆ ಸಮಾನಾಂತರವಾಗಿ, ಒತ್ತಿಕೊಂಡಂತೆ, ನೇರವಾದ ಕಾಲುವೆ ತೋಡಬಹುದು. ಇಲ್ಲದಿದ್ದರೆ ಗೋಡೆಯ ಪಕ್ಕದ ಒಂದೂವರೆ ಅಡಿ ಮಣ್ಣು ಆಳಿಗೆ ಬಿಟ್ಟದ್ದು. ಕಂಪೆನಿಯ ಏಜೆಂಟು ಬಣ್ಣ, ಸೀಟು, ಮೊಬೈಲಿನಲ್ಲಿ ಗಾಡಿ ಎಲ್ಲಿದೆಯೆಂದು ತೋರಿಸುವ ಸೌಕರ್ಯ ಎಲ್ಲವನ್ನೂ ವರ್ಣಿಸುತ್ತಾನೆ. ನೀವು ಇವೆರಡನ್ನು ಕೇಳಿ.

ಚೈನು ರಬ್ಬರಿನದೇ ಇರಲಿ. ಕಬ್ಬಿಣದ ಚೈನು ಕಲ್ಲು ನೆಲಕ್ಕೆ ಒಳ್ಳೆಯದೇ, ಆದರೆ ಟಾರು ರಸ್ತೆಯನ್ನು ಗೀರಿ ಹಾಕುತ್ತದೆ. ಕೆಡವಿದ ಮನೆಯ ಕಂಬಿ ತುಂಡುಗಳು ರಬ್ಬರನ್ನು ಸೀಳುತ್ತವೆಯಾದ್ದರಿಂದ ಡೆಬ್ರಿ ಗುಡಿಸಿದ ಮೇಲೆ ಯಂತ್ರ ಇಳಿಸಬೇಕು. ಮೂರು ಟನ್ ತೂಕವೆಂದರೆ ಹೆದರಿಕೆಯಾಗಬಹುದು. ಆದರೆ ಚೈನು ಭಾರವನ್ನು ಹರಡುವುದರಿಂದ ನೆಲದ ಮೇಲೆ ಬೀಳುವ ಒತ್ತಡ ಚದರ ಸೆಂಟಿಮೀಟರಿಗೆ ಸುಮಾರು 300 ಗ್ರಾಂ, ಹೆಚ್ಚುಕಡಿಮೆ ನಿಂತ ಮನುಷ್ಯನ ಪಾದದಷ್ಟೇ. ಅಪಾಯವಿರುವುದು ಹಳೆಯ ಸಂಪಿನ ಮುಚ್ಚಳದ ಮೇಲೆ. ಹಳೆಯ ಮನೆಗಳಲ್ಲಿ ಸಂಪು ಎಲ್ಲಿತ್ತು, ಮುಚ್ಚಿಹೋದ ಗುಂಡಿ, ಬಾವಿ ಏನಾದರೂ ಇತ್ತೆ ಎಂಬುದನ್ನು ಮನೆಯ ಹಿರಿಯರನ್ನು ಕೇಳಿ ಸುಣ್ಣದ ಗುರುತು ಹಾಕಿಡುವುದು ಕ್ಷೇಮ.

ಮಣ್ಣು ಎಲ್ಲ ಕಡೆ ಒಂದೇ ಅಲ್ಲ. ಬೆಂಗಳೂರಿನ ಮೇಲ್ಪದರದ ಕೆಂಪು ಮಣ್ಣು ಬಕೆಟ್ಟಿಗೆ ಬೆಣ್ಣೆಯಂತೆ ಬರುತ್ತದೆ. ಅದರ ಕೆಳಗೆ ಕೊಳೆತ ಕಲ್ಲಿನ ಪದರ. ಅಲ್ಲಿ ಬಕೆಟ್ಟಿನ ಹಲ್ಲು ಚೆನ್ನಾಗಿದ್ದರೆ ಕೆರೆದು ತೆಗೆಯಬಹುದು. ಅದರ ಕೆಳಗೆ ಬಂಡೆ. ಬಂಡೆಯ ನಿರೀಕ್ಷೆಯಿದ್ದರೆ ಬ್ರೇಕರ್ ಜೋಡಿಸಲು ಹೆಚ್ಚುವರಿ ಹೈಡ್ರಾಲಿಕ್ ಲೈನ್ ಇರುವ ಯಂತ್ರವನ್ನೇ ತರಿಸಬೇಕು. ಅದೂ ಮೂರು ಟನ್ನಿನ ಯಂತ್ರದ ಬ್ರೇಕರ್ ಗುಂಡುಕಲ್ಲನ್ನು ಒಡೆದೀತೇ ಹೊರತು ಹಾಸುಬಂಡೆಯನ್ನಲ್ಲ. ವೃಷಭಾವತಿಯ ಕಣಿವೆಯ ಇಳಿಜಾರಿನಲ್ಲಿ, ಹಾಗೆಯೇ ಕುರುಬರಹಳ್ಳಿ, ಶಿವನಹಳ್ಳಿಗಳಂತೆ ಒಂದು ಕಾಲಕ್ಕೆ ಕೆರೆಯಿದ್ದ ಕಡೆಗಳಲ್ಲಿ ಬೇರೆಯದೇ ಕಥೆ. ಮೇಲೆ ತುಂಬಿದ ಮಣ್ಣು, ಕೆಳಗೆ ಜೇಡಿ, ಐದಾರಡಿಗೇ ನೀರು ಒಸರಬಹುದು. ಅಲ್ಲಿ ಯಂತ್ರದ ಆಯ್ಕೆಗಿಂತ ಮೊದಲು ಮಣ್ಣು ಪರೀಕ್ಷೆ.

ಪಕ್ಕದ ಮನೆಯ ಪಾಯ

ಇನ್ನು ಮುಖ್ಯ ಮಾತಿಗೆ ಬರೋಣ. 2020ರ ಫೆಬ್ರುವರಿಯಲ್ಲಿ ಹೆಬ್ಬಾಳದ ಕೆಂಪಾಪುರದಲ್ಲಿ ಪಕ್ಕದ ನಿವೇಶನದಲ್ಲಿ ನೆಲಮಾಳಿಗೆಗೆಂದು ಮಣ್ಣು ತೆಗೆದಾಗ ಐದಂತಸ್ತಿನ ಕಟ್ಟಡವೊಂದು ವಾಲಿತು. ಕೊನೆಗೆ ಅದನ್ನು ಕೆಡವಬೇಕಾಯಿತು. 2021ರ ಅಕ್ಟೋಬರಿನ ಮಳೆಯಲ್ಲಿ ನಮ್ಮದೇ ಕಮಲಾನಗರದಲ್ಲಿ ಬಹುಮಹಡಿ ಮನೆಯೊಂದು ವಾಲಿ, ಜನರನ್ನು ಹೊರಗೆ ಕಳಿಸಿ ಕೆಡವಿದ್ದನ್ನು ಆ ಭಾಗದವರು ಮರೆತಿರಲಾರರು. ಎರಡನೆಯದು ಅಗೆತದಿಂದ ಆದದ್ದಲ್ಲ, ಆದರೆ ಬುಡದ ಮಣ್ಣು ಮೆತ್ತಗಾದರೆ ಏನಾಗುತ್ತದೆಂಬುದಕ್ಕೆ ಎರಡೂ ಸಾಕ್ಷಿ.

ಹಳೆಯ ಒಂದಂತಸ್ತಿನ ಮನೆಗಳ ಸೈಜುಗಲ್ಲಿನ ಪಾಯ ಸಾಮಾನ್ಯವಾಗಿ ಮೂರು-ನಾಲ್ಕು ಅಡಿಗಿಂತ ಕೆಳಗಿರುವುದಿಲ್ಲ. ನಮ್ಮ ಹೊಸ ಫುಟಿಂಗ್ ಐದಾರು ಅಡಿಗೆ ಹೋಗುತ್ತದೆ. ಪಕ್ಕದವರ ಪಾಯದ ತಳಕ್ಕಿಂತ ಕೆಳಗೆ ನಾವು ತೋಡಿದೆವೆಂದರೆ ಅವರ ಗೋಡೆಯ ಕಾಲಡಿಯ ಮಣ್ಣಿಗೆ ಒಂದು ಕಡೆಯ ಆಸರೆ ಹೋಯಿತು. ಅವರ ಪಾಯದ ತಳದ ಅಂಚಿನಿಂದ 45 ಡಿಗ್ರಿ ಇಳಿಜಾರಿನಲ್ಲಿ ಒಂದು ಗೆರೆ ಎಳೆದುಕೊಂಡು, ಅದರ ಒಳಗಿನ ಮಣ್ಣು ಮುಟ್ಟಬೇಡಿ ಎನ್ನುವುದು ಎಂಜಿನಿಯರುಗಳ ಸರಳ ಸೂತ್ರ. ಮುಟ್ಟಲೇಬೇಕಾದರೆ ತಡೆ ಕಟ್ಟಿಕೊಂಡು, ಒಂದು ಗುಂಡಿ ಬಿಟ್ಟು ಒಂದು ಗುಂಡಿ ತೋಡಬೇಕು. ಮೊದಲಿನದಕ್ಕೆ ಕಾಂಕ್ರೀಟ್ ಬಿದ್ದು ಗಟ್ಟಿಯಾದ ಮೇಲೆ ನಡುವಿನದು. ಒಂದೂವರೆ ಮೀಟರಿಗಿಂತ, ಅಂದರೆ ಐದಡಿಗಿಂತ ಆಳದ ಕಾಲುವೆಗೆ ಬದಿಗಳನ್ನು ಇಳಿಜಾರು ಮಾಡಬೇಕು ಇಲ್ಲವೆ ಹಲಗೆ ಕೊಟ್ಟು ನಿಲ್ಲಿಸಬೇಕೆಂದು ಭಾರತೀಯ ಮಾನಕ ಸಂಸ್ಥೆಯ ಸುರಕ್ಷತಾ ಸಂಹಿತೆಯೇ ಹೇಳುತ್ತದೆ. ಸಣ್ಣ ಸೈಟುಗಳಲ್ಲಿ ಇದನ್ನು ಪಾಲಿಸುವವರನ್ನು ದೀಪ ಹಚ್ಚಿ ಹುಡುಕಬೇಕು.

ಯಂತ್ರದಿಂದ ಬರುವ ವಿಪರೀತ ಇಲ್ಲೇ ಇದೆ. ಆಳುಗಳು ತೋಡುವಾಗ ದಿನಕ್ಕೆ ಎರಡು ಗುಂಡಿ ಆಗುತ್ತಿತ್ತು. ಹಿಂದಿನಿಂದ ಕಂಬಿ ಕಟ್ಟುವವರು, ಕಾಂಕ್ರೀಟಿನವರು ಅದೇ ವೇಗದಲ್ಲಿ ಬರುತ್ತಿದ್ದರು. ಮಿನಿ ಹಿಟಾಚಿ ಒಂಬತ್ತು ಗುಂಡಿಯನ್ನೂ ಮಧ್ಯಾಹ್ನದ ಹೊತ್ತಿಗೆ ಬಾಯಿ ತೆರೆಸಿ, ಬಾಡಿಗೆ ಎಣಿಸಿಕೊಂಡು ಹೊರಟುಬಿಡುತ್ತದೆ. ಕಂಬಿಯವನು ಬರುವುದು ನಾಲ್ಕು ದಿನದ ಮೇಲೆ. ಅಷ್ಟರಲ್ಲಿ ಸಂಜೆ ಒಂದು ಮಳೆ. ಗುಂಡಿಯಲ್ಲಿ ನೀರು ನಿಂತು ಬದಿ ಕಳಚುತ್ತದೆ, ಪಕ್ಕದ ಮನೆಯ ಗೋಡೆಯಲ್ಲಿ ಕೂದಲೆಳೆಯಷ್ಟು ಬಿರುಕು ಕಾಣಿಸುತ್ತದೆ, ಅಲ್ಲಿಂದ ಠಾಣೆ, ಕೋರ್ಟು, ಮಾತುಬಿಟ್ಟ ನೆರೆಹೊರೆ. ಬೆಂಗಳೂರಿನಲ್ಲಿ ಜೋರು ಮಳೆ ಸುರಿಯುವುದು ಸೆಪ್ಟೆಂಬರ್-ಅಕ್ಟೋಬರಿನಲ್ಲಿ. ಆ ಎರಡು ತಿಂಗಳು ಯಂತ್ರವನ್ನು ಒಂದೇ ದಿನಕ್ಕೆ ಕರೆಸುವ ಬದಲು ಎರಡು ಕಂತಿನಲ್ಲಿ ಕರೆಸುವುದು ಮೇಲು, ಕ್ಯಾಂಟರ್ ಬಾಡಿಗೆ ಎರಡು ಸಲ ಆದರೂ ಸರಿ. ಕಂಬಿ ಕಟ್ಟಿ ಸಿದ್ಧವಾದ ಮೇಲೆ ಗುಂಡಿ ತೋಡಬೇಕು, ಗುಂಡಿ ತೋಡಿದ ಮೇಲೆ ಕಂಬಿ ಹುಡುಕುವುದಲ್ಲ. ಶುರು ಮಾಡುವ ಮುನ್ನ ಅಕ್ಕಪಕ್ಕದವರ ಗೋಡೆಗಳ ಫೋಟೋ ಅವರ ಎದುರೇ ತೆಗೆದಿಟ್ಟುಕೊಂಡರೆ, ಹಳೆಯ ಬಿರುಕು ಯಾವುದು ಹೊಸದು ಯಾವುದೆಂಬ ಜಗಳವೂ ಇರುವುದಿಲ್ಲ.

ತೋಡುವ ಕ್ರಮವೂ ಒಂದಿದೆ. ನೆಲ ಸಾರಿಸುವವರು ಒಳಗಿನಿಂದ ಬಾಗಿಲ ಕಡೆಗೆ ಬರುವಂತೆ, ಯಂತ್ರ ಸೈಟಿನ ಹಿಂದಿನ ಸಾಲಿನಿಂದ ರಸ್ತೆಯ ಕಡೆಗೆ ಸರಿಯುತ್ತ ಬರಬೇಕು. ಮುಂದಿನ ಗುಂಡಿ ಮೊದಲು ತೋಡಿದರೆ ಯಂತ್ರ ಒಳಗೇ ಸೆರೆ.

ಫುಟ್‌ಪಾತಿನ ಕೆಳಗೆ ಏನಿದೆಯೆಂಬುದೂ ಗೊತ್ತಿರಬೇಕು. ಜಲಮಂಡಳಿಯ ಕೊಳವೆ, ವಿದ್ಯುತ್ ಕೇಬಲ್, ಇತ್ತೀಚೆಗೆ ಅಡುಗೆ ಅನಿಲದ ಕೊಳವೆ. ನಲ್ಲಿ, ಒಳಚರಂಡಿ ಸಂಪರ್ಕಕ್ಕೆಂದು ರಸ್ತೆ ಅಗೆಯಲು ಅನುಮತಿ ಬೇಕು. ಅಲ್ಲಿ ಯಂತ್ರಕ್ಕಿಂತ ಹಾರೆ-ಸನಿಕೆಯೇ ಸುರಕ್ಷಿತ. ಅಗೆಯುವವರು ಕೊಳವೆಯ ಒಡೆಯರಿಗೆ ಮುಂಚಿತವಾಗಿ ತಿಳಿಸಲೆಂದು ಕೇಂದ್ರ ಸರ್ಕಾರ 2023ರ ಮಾರ್ಚಿನಲ್ಲಿ ‘ಕಾಲ್ ಬಿಫೋರ್ ಯು ಡಿಗ್’ ಎಂಬ ಮೊಬೈಲ್ ವ್ಯವಸ್ಥೆಯನ್ನೇ ತಂದಿದೆ. 

ಕೊಳ್ಳುವುದೋ, ಬಾಡಿಗೆಯೋ

ಒಂದು ಮನೆ ಕಟ್ಟಿಸುವವರಿಗೆ ಪ್ರಶ್ನೆಯೇ ಇಲ್ಲ, ಬಾಡಿಗೆ. ಆದರೆ ನಾಲ್ಕಾರು ಮನೆ ಕೆಲಸ ಹಿಡಿಯುವ ಗುತ್ತಿಗೆದಾರರಿಗೆ, ಕೆಲಸ ಬಿಟ್ಟು ಸ್ವಂತ ಉದ್ಯೋಗ ಮಾಡಬೇಕೆನ್ನುವ ಹುಡುಗರಿಗೆ ಇದರ ಮೇಲೆ ಕಣ್ಣು. ಸಾಲ ಕೊಡುವವರೂ ಬೇಕಾದಷ್ಟಿದ್ದಾರೆ. ಕೂತು ಲೆಕ್ಕ ಹಾಕಬೇಕು. 20 ಲಕ್ಷ ಸಾಲ, ಶೇ. 11 ಬಡ್ಡಿ, ನಾಲ್ಕು ವರ್ಷ ಎಂದು ಹಿಡಿದರೆ ತಿಂಗಳ ಕಂತು ಸುಮಾರು 51,700 ರೂಪಾಯಿ. ಚಾಲಕನಿಗೆ 25,000, ವಿಮೆ-ಸರ್ವಿಸು-ರಿಪೇರಿಗೆ 10,000 ಎಂದಿಟ್ಟರೆ ಯಂತ್ರ ಶೆಡ್ಡಿನಲ್ಲಿ ಮಲಗಿದ್ದರೂ ತಿಂಗಳಿಗೆ 87,000 ಖರ್ಚು. ಗಂಟೆಗೆ ಸಾವಿರ ಬಾಡಿಗೆ ಸಿಕ್ಕಿ, ಮೂರು ಲೀಟರ್ ಡೀಸೆಲ್ ಮತ್ತಿತರ ಎಣ್ಣೆಗೆ 300 ಹೋದರೆ ಉಳಿಯುವುದು 700. ಅಂದರೆ ತಿಂಗಳಿಗೆ 124 ಗಂಟೆ, ಇಪ್ಪತ್ತೈದು ದಿನ ದಿನಕ್ಕೆ ಐದು ಗಂಟೆ ಓಡಿದರೆ ಬರೀ ಸಮ. ಮಾಲೀಕನ ಊಟ ಆರನೇ ಗಂಟೆಯಿಂದ ಶುರು. ನಿಮ್ಮ ಕಡೆಯ ಬೆಲೆ, ಬಾಡಿಗೆಗಳನ್ನು ಹಾಕಿ ಇದೇ ಲೆಕ್ಕವನ್ನು ಮತ್ತೆ ಮಾಡಿನೋಡಿ. ಮಳೆಗಾಲದ ತಿಂಗಳುಗಳನ್ನು, ಆಷಾಢವನ್ನು, ಮರಳು ಸಿಗದೆ ಕೆಲಸ ನಿಲ್ಲುವ ವಾರಗಳನ್ನು ಕಳೆಯುವುದನ್ನು ಮರೆಯಬೇಡಿ.

ಬ್ರಾಂಡಿನ ಬಗ್ಗೆ ಹೆಚ್ಚು ತಲೆಕೆಡಿಸಿಕೊಳ್ಳುವುದಕ್ಕಿಂತ ಸರ್ವಿಸಿನವನು ಎಷ್ಟು ಹೊತ್ತಿಗೆ ಬರುತ್ತಾನೆ, ರಬ್ಬರ್ ಚೈನು, ಹೈಡ್ರಾಲಿಕ್ ಹೋಸ್ ಪೀಣ್ಯದಲ್ಲಿ ಅದೇ ದಿನ ಸಿಗುತ್ತವೆಯೇ ಎಂದು ವಿಚಾರಿಸುವುದು ಜಾಣತನ. ಎರಡು ದಿನ ನಿಂತ ಯಂತ್ರ ಹತ್ತು ಗಂಟೆಯ ಬಾಡಿಗೆ ತಿನ್ನುತ್ತದೆ. ಎಲ್ಲ ಕಂಪೆನಿಗಳ ಯಂತ್ರಗಳನ್ನು ಒಂದೇ ಕಡೆ ಹತ್ತಿ ಕುಳಿತು ನೋಡಬೇಕೆಂದರೆ ತುಮಕೂರು ರಸ್ತೆಯ ಅಂತರರಾಷ್ಟ್ರೀಯ ವಸ್ತುಪ್ರದರ್ಶನ ಕೇಂದ್ರದಲ್ಲಿ ಆಗಾಗ ನಡೆಯುವ ‘ಎಕ್ಸ್‌ಕಾನ್’ ಪ್ರದರ್ಶನಕ್ಕೆ ಹೋಗಬಹುದು. ರಾಜಾಜಿನಗರದಿಂದ ಅದೇನು ದೂರವಲ್ಲ. ಸೆಕೆಂಡ್‌ಹ್ಯಾಂಡ್ ಕೊಳ್ಳುವವರು ಬಣ್ಣಕ್ಕೆ ಮರುಳಾಗದೆ ಬಕೆಟ್ಟನ್ನು ನೆಲದಿಂದ ಒಂದಡಿ ಎತ್ತಿ ನಿಲ್ಲಿಸಿ ಎಂಜಿನ್ ಆರಿಸಲಿ. ಹತ್ತು ನಿಮಿಷದಲ್ಲಿ ತೋಳು ಎದ್ದು ಕಾಣುವಷ್ಟು ಕುಸಿದರೆ ಸಿಲಿಂಡರ್ ಸೀಲೋ ವಾಲ್ವೋ ಸವೆದಿದೆ. ಬಕೆಟ್ಟನ್ನು ಕೈಯಲ್ಲಿ ಅಲ್ಲಾಡಿಸಿ. ಲಟಲಟ ಎಂದರೆ ಪಿನ್ನು-ಬುಷ್ಷಿನ ಖರ್ಚು ಕಾದಿದೆ. 

ಯಾವ ಯಂತ್ರವಾದರೂ ಚಾಲಕ ಸರಿಯಿಲ್ಲದಿದ್ದರೆ ದಂಡ. ಗೋಡೆಯಿಂದ ಒಂದಡಿ ಉಳಿಸಿ ನಿಲ್ಲಿಸುವವನು, ತಳದ ಕೊನೆಯ ಅರ್ಧ ಅಡಿಯನ್ನು ಆಳಿಗೆ ಬಿಟ್ಟು ಗಟ್ಟಿನೆಲವನ್ನು ಕೆದರದವನು, ತಿರುಗುವ ಮೊದಲು ಹಿಂದೆ ನೋಡುವವನು ಸಿಕ್ಕರೆ ಅವನ ನಂಬರನ್ನು ಬರೆದಿಟ್ಟುಕೊಳ್ಳಿ.

ಒಂದು ಕೆಲಸ ಮಾತ್ರ ಈ ಯಂತ್ರಕ್ಕೆ ಇನ್ನೂ ಒಲಿದಿಲ್ಲ. ಬೆಂಗಳೂರಿನಲ್ಲಿ 30-40ರ ಹೊಸ ಮನೆಗೂ ಮಳೆನೀರು ಸಂಗ್ರಹ ಕಡ್ಡಾಯವಾಗಿ ವರ್ಷಗಳೇ ಆದವು. ಅದಕ್ಕೆಂದು ಮೂರಡಿ ವ್ಯಾಸದ, ಹದಿನೈದು-ಇಪ್ಪತ್ತಡಿ ಆಳದ ಇಂಗುಬಾವಿ ತೋಡಬೇಕು. ಮೂರು ಟನ್ನಿನ ಯಂತ್ರದ ತೋಳು ಒಂಬತ್ತಡಿಗೆ ನಿಲ್ಲುತ್ತದೆ, ತೋಡಿದ ಗುಂಡಿಯೂ ಬಾಯಿ ಅಗಲವಾಗಿ ಬಾಣಲೆಯಂತಾಗುತ್ತದೆ. ನೆಟ್ಟಗೆ, ಕೊಳವೆಯಂತೆ ಇಳಿಯಲು ಈಗಲೂ ಮಣ್ಣು ಒಡ್ಡರೇ ಬರಬೇಕು. ಒಬ್ಬ ಕೆಳಗೆ ಕುಕ್ಕರುಗಾಲಲ್ಲಿ ಕೂತು ಗಿಡ್ಡ ಹಾರೆಯಿಂದ ಕೆತ್ತುತ್ತಾನೆ, ಮೇಲಿನಿಂದ ಇನ್ನೊಬ್ಬ ಹಗ್ಗದಲ್ಲಿ ಬಕೆಟ್ಟು ಎಳೆಯುತ್ತಾನೆ, ಮೂರನೆಯವನು ಸಿಮೆಂಟಿನ ರಿಂಗುಗಳನ್ನು ಉರುಳಿಸಿ ತಂದಿಡುತ್ತಾನೆ. ಪಾಯದ ಕೆಲಸಕ್ಕೆ ಯಂತ್ರ ಗೊತ್ತು ಮಾಡುವಾಗಲೇ ಇವರಿಗೂ ಹೇಳಿಟ್ಟರೆ, ಯಂತ್ರ ಹೋದ ಮರುದಿನ ಬಾವಿಯ ಕೆಲಸ ಶುರುವಾಗುತ್ತದೆ.